ಒಂದು ಮೀಟರು ಚೌಕ

ಹೊಸನಗರ ದಾಟಿ ನಗರದ ಕಡೆ ಹೋಗುವಾಗ
ಎಡಕ್ಕೆ ಏರುವ ಬೋಳುಗುಡ್ಡ, ಹೆಬ್ಬಿಗೆ ಬ್ಯಾಣ.
ಅಲ್ಲಿ ಚೌಕ ಹಿಡಿಯುವುದು ನನ್ನ ಕೆಲಸ:
ನಾಲ್ಕು ಪಿವಿಸಿ ಕೊಳವೆ, ನಾಲ್ಕು ಮೂಲೆ,
ದಿನಕ್ಕೆ ನಾನೂರೈವತ್ತು, ಮಧ್ಯಾಹ್ನದ ಚಿತ್ರಾನ್ನ ಅವರದ್ದೇ.

ನೀಲಗಂಗಾ ಮೇಡಂ ಧಾರವಾಡದವರು.
ಮಂಡಿಯೂರಿ ಹುಲ್ಲಿಗೆ ಸ್ಕೇಲು ಹಿಡಿಯುತ್ತಾರೆ,
ಎಲೆಯೊಂದನ್ನು ಕಿತ್ತು ಲಕೋಟೆಗೆ ಹಾಕಿ
"ಬರ್ಕೋ ಚೌಡಪ್ಪ" ಅನ್ನುತ್ತಾರೆ.
ಎತ್ತರ. ಎಲೆಯ ದಪ್ಪ. ಬೀಜ ಬಿಟ್ಟ ತಾರೀಖು.
ಬುಡದಲ್ಲಿ ಗೆಡ್ಡೆ ಉಂಟೋ ಇಲ್ಲವೋ.
ನಮ್ಮೂರಿಗೆ ಹೆಣ್ಣು ನೋಡಲು ಬಂದವರೂ
ಇಷ್ಟು ಕೇಳಿರಲಿಕ್ಕಿಲ್ಲ.

ಐದು ತುಂಡು ಬ್ಯಾಣ, ಐದು ಬಣ್ಣದ ಗೂಟ.
ಬಿಳಿಯಲ್ಲಿ ದೀಪಾವಳಿ ಕಳೆದ ಮೇಲೆ ಕೊಯ್ಲು, ಹಿಂದಿನಿಂದ ಬಂದ ಹಾಗೆ.
ಹಳದಿಯಲ್ಲಿ ಒಂದು ತಿಂಗಳು ಮೊದಲೇ,
ಈಗಿನ ಲಾರಿಯವರಿಗೆ ಹಸಿರು ಇರುವಾಗಲೇ ಬೇಕು.
ಕೆಂಪಿಗೆ ಗೊಬ್ಬರ. ಕಪ್ಪಿಗೆ ಶಿವರಾತ್ರಿ ಹೊತ್ತಿಗೆ ಬೆಂಕಿ.
ನೀಲಿಗೆ ಏನೂ ಇಲ್ಲ.
ಏನೂ ಮಾಡದಿರುವುದೂ ಒಂದು ಪ್ರಯೋಗವಂತೆ;
ಅದಕ್ಕೂ ಬೇಲಿ ಹಾಕಿದ್ದೇವೆ.

ಗುತ್ಯಮ್ಮ ನಲವತ್ತು ವರ್ಷ ಇಲ್ಲಿ ಕರಡ ಕೊಯ್ದವಳು.
ಹಳದಿ ಗೂಟದ ಹತ್ತಿರ ಎಲೆಯಡಿಕೆ ಉಗಿದು
"ಮುಳ್ಳು ಉದುರೋಕೆ ಮೊದ್ಲು ಕತ್ತಿ ಹಾಕಿದ್ರೆ
ಮುಂದಿನ ವರ್ಷಕ್ಕೆ ಎಂತ ಇಟ್ಟೆ ಅಂತ ಕರಡ ಕೇಳ್ತದೆ" ಅಂದಳು.
ಸೀರೆಯಂಚಿನಿಂದ ಒಂದು ಬೀಜ ಬಿಡಿಸಿ
ನನ್ನ ಅಂಗೈಯಲ್ಲಿಟ್ಟಳು.
ಮೇಡಂ ಬಾಟಲಿಯಿಂದ ಒಂದು ಹನಿ ಬಿಟ್ಟರು.
ಅದರ ಕಪ್ಪು ಬಾಲ ತಿರುಗತೊಡಗಿತು,
ಮೆಲ್ಲಗೆ, ಬಡಗಿಯಿಲ್ಲದ ಬೈರಿಗೆಯಂತೆ,
ನನ್ನ ಚರ್ಮವನ್ನೇ ನೆಲವೆಂದು ತಿಳಿದು.
ನಾನು ಕೈ ಕೊಡವಲಿಲ್ಲ.

ಕೆಂಪಿನಲ್ಲಿ ಈಗ ಎರಡೇ ಹುಲ್ಲು,
ಅಗಲ ಎಲೆಯ, ಅವಸರದ ಹೊಟ್ಟೆಬಾಕರು.
ಬಡ ನೆಲಕ್ಕೆ ಒಗ್ಗಿದ ಗಡುಸು ಎಲೆಯ ನಿಧಾನಸ್ಥರು
ಪಂಕ್ತಿಯಲ್ಲಿ ಕೂತಲ್ಲೇ ನೆರಳಿಗೆ ಸತ್ತರು.
ಕಪ್ಪಿನಲ್ಲಿ ಗೆಡ್ಡೆಯಿದ್ದವು ಮೊದಲ ಮಳೆಗೇ ಎದ್ದವು;
ಕಾಡು ಅರಿಶಿನ ಎಲೆಗಿಂತ ಮುಂಚೆ ಹೂ ಕಳಿಸಿತು,
ಬೂದಿಯ ನಡುವೆ, ಯಾರನ್ನೂ ಕೇಳದೆ.

ನೀಲಿ ಮೊದಲೆರಡು ವರ್ಷ ನೋಡಲು ಚಂದ.
ಎದೆಯೆತ್ತರ ಕರಡ, ಗಾಳಿ ಬಂದರೆ ಇಡೀ ಗುಡ್ಡ ಬಾಗುತ್ತಿತ್ತು.
ಮೂರಕ್ಕೆ ಅದರದೇ ಹಳೆಯ ಹುಲ್ಲು ಅದರ ಬುಡ ಮುಚ್ಚಿತು.
ಐದಕ್ಕೆ ಕಮ್ಯುನಿಸ್ಟ್ ಗಿಡ, ಆಳೆತ್ತರ.
ಬಿಳಿಯಲ್ಲಿ ಮೂವತ್ತನಾಲ್ಕು ಜಾತಿ ಎಣಿಸಿದ ದಿನ
ನೀಲಿಯಲ್ಲಿ ಒಂಬತ್ತು.
ಹೋದವೆಲ್ಲ ಗಿಡ್ಡ ಪ್ರಾಣಿಗಳು:
ನೆಲಕ್ಕೆ ಅಂಟಿ ಎಲೆ ಹರಡುವವು, ಬೆರಳುದ್ದದ ಬಿಳಿ ಆರ್ಕಿಡು,
ಚಿಗುರಿನ ಕಣ್ಣನ್ನು ಬುಡದಲ್ಲೇ ಇಟ್ಟುಕೊಂಡು
ಕತ್ತಿ ತಲೆಯ ಮೇಲೆ ಹಾದುಹೋದರೆ
ಅಬ್ಬ, ಬಿಸಿಲು ಬಂತು ಎಂದುಕೊಳ್ಳುವಂಥವು.

ಏಳನೇ ವರ್ಷ, ಕಾರ್ತಿಕದ ಒಂದು ಬೆಳಿಗ್ಗೆ
ನೀಲಿಯ ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗ ಬೋಳಾಗಿತ್ತು.
ಗಿಡ ಬುಡಸಮೇತ ಕಿತ್ತು ಬೇಲಿಯಾಚೆ ಎಸೆದು
ಕರಡವನ್ನು ಮಾತ್ರ ಹೊರೆ ಕಟ್ಟಿ ಒಯ್ದಿದ್ದರು.
ಕಟ್ಟಿದ ಹಗ್ಗದ ತುಂಡು ಅಲ್ಲೇ ಬಿದ್ದಿತ್ತು,
ಯಾರ ಗಂಟು ಎಂದು ನನಗೆ ಗೊತ್ತು.
ಮೇಡಂ ಬಹಳ ಹೊತ್ತು ಸುಮ್ಮನೆ ನಿಂತರು.
ಏಳು ವರ್ಷದ ಲೆಕ್ಕಕ್ಕೆ ಒಂದು ತೂತು.
ಬೈಯುತ್ತಾರೆಂದು ಕಾದೆ.
ಅವರು ಆ ಮೂಲೆಗೆ ಬೇರೆ ಗೂಟ ನೆಟ್ಟರು,
ಬಣ್ಣ ಹಚ್ಚಿರಲಿಲ್ಲ.

ಮರುವರ್ಷ ಆಷಾಢದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು
ಅಲ್ಲಿ ಚೌಕ ಇಟ್ಟೆ.
ಇಂಬಳ ಕಾಲಿಗೆ ಹತ್ತುತ್ತಿತ್ತು, ಹಾಳೆ ಒದ್ದೆ,
ಒಂಬತ್ತು ಎಣಿಸಿದೆ, ಮತ್ತೊಮ್ಮೆ ಒಂಬತ್ತು,
ಮೂರನೇ ಸಲ ಬಗ್ಗಿದಾಗ
ಕೊಳವೆಗೆ ತಾಗಿ, ಒಳಗೋ ಹೊರಗೋ ಹೇಳಲಾಗದಲ್ಲಿ
ಬೆರಳುದ್ದದ ಒಂದು ಬಿಳಿ.
ಯಾವ ಉಪಚಾರ ಎಂದು ಕೇಳುವ ಕಾಲಂ ಖಾಲಿ ಇತ್ತು.
ಅವಳ ಹೆಸರು ಬರೆದೆ.